ಒಂದೇ ಕೋಡ್, ಎರಡು ಸಿಸ್ಟಮ್: ಕ್ರಾಸ್-ಪ್ಲಾಟ್‌ಫಾರ್ಮ್ ಆಪ್ ಕೆಲಸದಲ್ಲಿ ಆಳಕ್ಕೆ ಇಳಿಯುವ ಬಗೆ

ಲಾಗಿನ್ ಸ್ಕ್ರೀನ್, ಒಂದು ಲಿಸ್ಟ್, ಸರ್ವರ್‌ನಿಂದ ಡೇಟಾ, ಮೇಲೊಂದು ಡಾರ್ಕ್ ಥೀಮ್. ಇಷ್ಟು ಕೈಗೆ ಬಂದ ಮೇಲೆ ತುಂಬಾ ಜನ ಅಲ್ಲೇ ನಿಂತುಬಿಡುತ್ತಾರೆ. ಮುಂದೇನು ಅಂತ ಕೇಳಿದರೆ ಇನ್ನೊಂದು ಕೋರ್ಸ್, ಇನ್ನೊಂದು ಸ್ಟೇಟ್ ಲೈಬ್ರರಿ (ಸ್ಟೇಟ್, ಅಂದರೆ ಆಪ್‌ನ ಆ ಕ್ಷಣದ ಡೇಟಾ, ಅದನ್ನು ನೋಡಿಕೊಳ್ಳುವ ರೆಡಿ ಕೋಡ್), ಇಲ್ಲವೇ ಆಪ್ ಕಟ್ಟಲು ಹೊಸದೊಂದು ಫ್ರೇಮ್‌ವರ್ಕ್. ಇದರಿಂದ ಗೊತ್ತಿರುವ ಹೆಸರುಗಳು ಜಾಸ್ತಿ ಆಗುತ್ತವೆ, ಕೆಲಸ ಮಾತ್ರ ಅಲ್ಲೇ ಇರುತ್ತದೆ.

ನೀವು ಬರೆಯುವ ಕೋಡ್ ಒಂದೇ ಇರಬಹುದು. ಅದು ಓಡುವುದು ಮಾತ್ರ ಆಂಡ್ರಾಯ್ಡ್ ಮತ್ತು ಐಒಎಸ್ ಎಂಬ ಎರಡು ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್‌ಗಳ ಮೇಲೆ. ತಲೆಕೆಡಿಸುವ ಬಗ್‌ಗಳು ಬಹುತೇಕ ಹುಟ್ಟುವುದು ಫ್ರೇಮ್‌ವರ್ಕ್ ಮತ್ತು ಸಿಸ್ಟಮ್ ಒಂದಕ್ಕೊಂದು ಸೇರುವ ಜಾಗದಲ್ಲಿ. ಆ ಜಾಗವನ್ನು ಕಣ್ಣಾರೆ ಕಂಡು, ಅಲ್ಲಿ ಕೈಯಾಡಿಸಿ ಕಲಿಯಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ. ಒಂದೆರಡು ಆಪ್ ಬರೆದು ಅಭ್ಯಾಸ ಇರುವವರಿಗೆ ಇದು ಹೊಂದುತ್ತದೆ.

## ಹಂತ 1: ಒಂದು ಫ್ರೇಮ್‌ವರ್ಕ್ ಹಿಡಿಯಿರಿ

ಯಾವುದು ಮೇಲು ಎಂಬ ಚರ್ಚೆಗೆ ಸಮಯ ಕೊಡಬೇಡಿ. ಈಗ ಗೊತ್ತಿರುವುದನ್ನೇ ಮುಂದುವರಿಸಿ. ಆದರೆ ಒಂದೊಂದೂ ಸ್ಕ್ರೀನ್ ಮೇಲೆ ಚಿತ್ರ ಮೂಡಿಸುವ ದಾರಿ ಬೇರೆ. ಅದನ್ನು ತಿಳಿದಿದ್ದರೆ ಯಾವ ಸಮಸ್ಯೆ ಎಲ್ಲಿಂದ ಬಂತು ಎಂದು ಬೇಗ ಹೊಳೆಯುತ್ತದೆ.

ಫ್ಲಟರ್ ಎಂಬ ಫ್ರೇಮ್‌ವರ್ಕ್ ಬಟನ್, ಅಕ್ಷರ, ನೆರಳು ಎಲ್ಲವನ್ನೂ ತಾನೇ ಬಿಡಿಸುತ್ತದೆ. ಮೊದಲು ಆ ಕೆಲಸ ಮಾಡುತ್ತಿದ್ದದ್ದು ಸ್ಕಿಯಾ ಎಂಬ ಚಿತ್ರ ಬಿಡಿಸುವ ಎಂಜಿನ್. ಐಒಎಸ್‌ನಲ್ಲಿ 2023ರ 3.10 ಆವೃತ್ತಿಯಿಂದ ಇಂಪೆಲ್ಲರ್ ಆ ಜಾಗಕ್ಕೆ ಬಂತು. ಸ್ಕಿಯಾದಲ್ಲಿ ಆಪ್ ಓಡುವಾಗಲೇ ಶೇಡರ್ (ಹೇಗೆ ಬಿಡಿಸಬೇಕೆಂದು ಗ್ರಾಫಿಕ್ಸ್ ಚಿಪ್‌ಗೆ ಹೇಳುವ ಪುಟ್ಟ ಪ್ರೋಗ್ರಾಂ) ತಯಾರಾಗುತ್ತಿದ್ದರಿಂದ ಅನಿಮೇಶನ್ ಮೊದಲ ಸಲ ತಡವರಿಸುತ್ತಿತ್ತು. ಇಂಪೆಲ್ಲರ್ ಶೇಡರ್‌ಗಳನ್ನು ಬಿಲ್ಡ್ ಸಮಯದಲ್ಲೇ, ಅಂದರೆ ಆಪ್ ಫೋನ್‌ಗೆ ಹೋಗುವ ಮೊದಲೇ, ತಯಾರು ಮಾಡಿಡುತ್ತದೆ.

2015ರಲ್ಲಿ ಫೇಸ್‌ಬುಕ್ ಹೊರತಂದ ರಿಯಾಕ್ಟ್ ನೇಟಿವ್ ಹಾಗಲ್ಲ. ನೀವು ಬರೆದ ಕಾಂಪೊನೆಂಟ್ (ಸ್ಕ್ರೀನ್‌ನ ಒಂದು ತುಂಡು) ಕೊನೆಗೆ ಸಿಸ್ಟಮ್‌ನ ಸ್ವಂತ ವ್ಯೂ ಆಗುತ್ತದೆ. 2023ರ ನವೆಂಬರ್‌ನಲ್ಲಿ ಸ್ಟೇಬಲ್ ಆದ ಕೋಟ್ಲಿನ್ ಮಲ್ಟಿಪ್ಲಾಟ್‌ಫಾರ್ಮ್‌ನಲ್ಲಿ ಲಾಜಿಕ್ ಮಾತ್ರ ಹಂಚಿಕೊಂಡು, ಮೇಲಿನ ಸ್ಕ್ರೀನ್‌ಗಳನ್ನು ಎರಡೂ ಕಡೆ ಬೇರೆಯಾಗಿ ಬರೆಯಬಹುದು. ಅಯಾನಿಕ್ ತರಹದವು ಆಪ್ ಒಳಗಿನ ಬ್ರೌಸರ್ ಆದ ವೆಬ್‌ವ್ಯೂನಲ್ಲಿ ಓಡುತ್ತವೆ.

ಇದರ ಪರಿಣಾಮ ದಿನನಿತ್ಯದ ಕೆಲಸದಲ್ಲೇ ಕಾಣುತ್ತದೆ. 2025ರಲ್ಲಿ ಆಪಲ್ ಲಿಕ್ವಿಡ್ ಗ್ಲಾಸ್ ಎಂಬ ಹೊಸ ನೋಟ ತಂದಾಗ, ಸಿಸ್ಟಮ್‌ನ ಸ್ವಂತ ಕಂಟ್ರೋಲ್ ಬಳಸುವ ಆಪ್‌ಗಳು ಆಪಲ್‌ನ ಆಪ್ ಕಟ್ಟುವ ಸಾಧನವಾದ ಎಕ್ಸ್‌ಕೋಡ್‌ನ ಹೊಸ ಆವೃತ್ತಿಯಲ್ಲಿ ಬಿಲ್ಡ್ ಆದಾಗ ಆ ನೋಟ ತಾನಾಗಿ ಸಿಕ್ಕಿತು. ಎಲ್ಲವನ್ನೂ ತಾನೇ ಬಿಡಿಸುವ ಫ್ಲಟರ್‌ಗೆ ಸಿಗಲಿಲ್ಲ. ಬದಲಿಗೆ ಫ್ಲಟರ್ ಸ್ಕ್ರೀನ್ ಎರಡೂ ಸಿಸ್ಟಮ್‌ಗಳಲ್ಲಿ, ಹಳೆಯ ಆವೃತ್ತಿಗಳಲ್ಲೂ ಹೆಚ್ಚುಕಮ್ಮಿ ಒಂದೇ ತರಹ ಕಾಣುತ್ತದೆ. ಒಂದು ಕಡೆ ಲಾಭ, ಇನ್ನೊಂದು ಕಡೆ ನಷ್ಟ.

## ಹಂತ 2: ಒಂದೇ ಆಪ್, ಕೊನೆಯವರೆಗೆ

ಹತ್ತು ಸಣ್ಣ ಆಪ್‌ಗಳಿಗಿಂತ ಒಂದನ್ನೇ ಹಿಡಿದು ಆಳಕ್ಕೆ ಹೋಗಿ. ನನ್ನ ಸಲಹೆ: ಫೋಟೋ ಸಹಿತ ಟಿಪ್ಪಣಿ ಬರೆಯುವ ಆಪ್. ಕ್ಯಾಮೆರಾದಲ್ಲಿ ಫೋಟೋ ತೆಗೆಯಬೇಕು, ಎರಡು ಸಾಲು ಬರೆಯಬೇಕು, ನೆಟ್ ಇಲ್ಲದಿದ್ದರೂ ಉಳಿಯಬೇಕು, ನೆಟ್ ಬಂದಾಗ ಸರ್ವರ್‌ಗೆ ಹೋಗಬೇಕು. ಕೇಳಲು ಸುಲಭ. ಆದರೆ ಕ್ಯಾಮೆರಾ, ಅನುಮತಿ, ಫೈಲ್, ಡೇಟಾಬೇಸ್, ಹಿನ್ನೆಲೆ ಕೆಲಸ, ದೊಡ್ಡ ಚಿತ್ರಗಳ ಮೆಮೊರಿ ಎಲ್ಲವೂ ಇದರೊಳಗೆ ಬಂದುಬಿಡುತ್ತವೆ. ಮುಂದಿನ ಹಂತಗಳನ್ನೆಲ್ಲ ಈ ಒಂದೇ ಆಪ್ ಮೇಲೆ ಮಾಡಿ.

## ಹಂತ 3: ಸ್ಕ್ರೀನ್ ಹೇಗೆ ಮೂಡುತ್ತದೆ ಎಂದು ನೋಡಿ

ಫ್ಲಟರ್‌ನಲ್ಲಿ ಮೂರು ಟ್ರೀಗಳಿವೆ: ವಿಜೆಟ್, ಎಲಿಮೆಂಟ್, ರೆಂಡರ್ ಆಬ್ಜೆಕ್ಟ್. ನೀವು ಬರೆಯುವ ವಿಜೆಟ್ ಬರೀ ವಿವರಣೆ. ಕ್ಷಣಕ್ಕೊಮ್ಮೆ ಹುಟ್ಟಿ ಸಾಯುತ್ತದೆ. ಎಲಿಮೆಂಟ್ ಎಂಬುದು ಉಳಿದುಕೊಳ್ಳುವ ಭಾಗ, ಸ್ಟೇಟ್ ಅಂಟಿಕೊಂಡಿರುವುದು ಅದಕ್ಕೆ. ರೆಂಡರ್ ಆಬ್ಜೆಕ್ಟ್ ಅಳತೆ ಹಾಕಿ ಬಿಡಿಸುತ್ತದೆ. ಹೊಸ ವಿಜೆಟ್ ಬಂದಾಗ ಅದೇ ಜಾಗದಲ್ಲಿ ಅದೇ ಟೈಪ್, ಅದೇ ಕೀ (ವಿಜೆಟ್‌ಗೆ ಕೊಡುವ ಗುರುತು) ಇದ್ದರೆ ಹಳೆಯ ಎಲಿಮೆಂಟ್ ಮರುಬಳಕೆ ಆಗುತ್ತದೆ.

ಇದನ್ನು ಓದಿ ಬಿಡಬೇಡಿ, ಮಾಡಿ ನೋಡಿ. ನಿಮ್ಮ ಟಿಪ್ಪಣಿ ಲಿಸ್ಟ್‌ನ ಪ್ರತಿ ಸಾಲಿಗೂ ಒಂದು ಚೆಕ್‌ಬಾಕ್ಸ್ ಇಡಿ. ಅದರ ಸ್ಟೇಟ್ ಆ ಸಾಲಿನ ಒಳಗೇ ಇರಲಿ, ಕೀ ಕೊಡಬೇಡಿ. ಮೊದಲ ಸಾಲಿಗೆ ಟಿಕ್ ಹಾಕಿ, ಆಮೇಲೆ ಅದೇ ಸಾಲನ್ನು ಅಳಿಸಿ. ಸಾಲು ಹೋಯಿತು, ಟಿಕ್ ಮಾತ್ರ ಮುಂದಿನ ಸಾಲಿಗೆ ಬಂದು ಕೂತಿತು, ಅಲ್ವಾ? ಈಗ ಪ್ರತಿ ಸಾಲಿಗೂ ಟಿಪ್ಪಣಿಯ ಐಡಿಯನ್ನೇ ಕೀ ಮಾಡಿ ಕೊಟ್ಟು ಮತ್ತೆ ನೋಡಿ. ರಿಯಾಕ್ಟ್ ನೇಟಿವ್‌ನಲ್ಲೂ ಸಾಲಿನ ಕ್ರಮಸಂಖ್ಯೆಯನ್ನು ಕೀ ಮಾಡಿದರೆ ಇದೇ ಗೋಳು.

ಲೇಔಟ್‌ಗೆ ಫ್ಲಟರ್‌ನಲ್ಲಿ ಒಂದೇ ನಿಯಮ. ಮೇಲಿನವರು ಎಷ್ಟು ಜಾಗ ಇದೆ ಎಂಬ ಮಿತಿ ಕೊಡುತ್ತಾರೆ, ಕೆಳಗಿನವರು ತಮ್ಮ ಅಳತೆ ಹೇಳುತ್ತಾರೆ, ಎಲ್ಲಿ ಕೂರಿಸಬೇಕು ಎಂಬುದು ಮತ್ತೆ ಮೇಲಿನವರ ತೀರ್ಮಾನ. ಕಾಲಮ್ ಒಳಗೆ ಲಿಸ್ಟ್‌ವ್ಯೂ ಇಟ್ಟಾಗ ಬರುವ ಎರರ್ ಇದರಿಂದಲೇ ಅರ್ಥವಾಗುತ್ತದೆ. ಕಾಲಮ್ ಎತ್ತರಕ್ಕೆ ಮಿತಿ ಕೊಡುವುದಿಲ್ಲ, ಲಿಸ್ಟ್‌ವ್ಯೂ ಸಿಕ್ಕಷ್ಟು ಎತ್ತರ ಬೇಕು ಎನ್ನುತ್ತದೆ. ಎಕ್ಸ್‌ಪಾಂಡೆಡ್ ಹಾಕಿದರೆ ಸರಿಹೋಗುತ್ತದೆ ಎಂದು ಸುಮ್ನೆ ನೆನಪಿಟ್ಟುಕೊಳ್ಳುವುದಕ್ಕಿಂತ, ಅದು ಮಿತಿಯನ್ನು ಕೊಡುವ ವಿಜೆಟ್ ಎಂದು ತಿಳಿದರೆ ಬೇರೆ ಕಡೆಯೂ ದಾರಿ ಕಾಣುತ್ತದೆ.

ರಿಯಾಕ್ಟ್ ನೇಟಿವ್‌ನವರು ಥ್ರೆಡ್‌ಗಳ (ಒಟ್ಟೊಟ್ಟಿಗೆ ಓಡುವ ಕೆಲಸದ ಸಾಲುಗಳ) ಕಡೆ ಗಮನ ಕೊಡಿ. ನಿಮ್ಮ ಜಾವಾಸ್ಕ್ರಿಪ್ಟ್ ಒಂದು ಥ್ರೆಡ್‌ನಲ್ಲಿ, ಸಿಸ್ಟಮ್‌ನ ವ್ಯೂಗಳು ಇನ್ನೊಂದರಲ್ಲಿ. ಮೊದಲು ಇವೆರಡರ ನಡುವೆ ಬ್ರಿಡ್ಜ್ ಇತ್ತು. ಪ್ರತಿ ಸಂದೇಶವೂ ಜೇಸನ್ ಎಂಬ ಪಠ್ಯ ರೂಪಕ್ಕೆ ತಿರುಗಿ ದಾಟಬೇಕಿತ್ತು. ಹೊಸ ಆರ್ಕಿಟೆಕ್ಚರ್‌ನಲ್ಲಿ ಜೆಎಸ್‌ಐ ಎಂಬ ಪದರದ ಮೂಲಕ ಜಾವಾಸ್ಕ್ರಿಪ್ಟ್ ನೇರವಾಗಿ ಸಿ++ ಆಬ್ಜೆಕ್ಟ್‌ಗಳನ್ನು ಮುಟ್ಟುತ್ತದೆ. 2024ರ 0.76 ಆವೃತ್ತಿಯಿಂದ ಇದೇ ಡೀಫಾಲ್ಟ್. ಆದರೂ ಜಾವಾಸ್ಕ್ರಿಪ್ಟ್ ಥ್ರೆಡ್‌ನಲ್ಲಿ ಭಾರದ ಕೆಲಸ ಹಾಕಿದರೆ ಲಿಸ್ಟ್ ಜಾರುತ್ತಲೇ ಇರುತ್ತದೆ, ಮುಂದಿನ ಸಾಲುಗಳು ಮಾತ್ರ ಖಾಲಿ ಬರುತ್ತವೆ. ಬೇಕೆಂದೇ ಒಂದು ದೊಡ್ಡ ಲೂಪ್ ಹಾಕಿ ಇದನ್ನು ನೋಡಿ.

ಸ್ಟೇಟ್ ಲೈಬ್ರರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಡೇಟಾಗೆ ಒಬ್ಬನೇ ಒಡೆಯ ಇರಲಿ, ಬದಲಾವಣೆ ಒಂದೇ ದಿಕ್ಕಿನಲ್ಲಿ ಹರಿಯಲಿ, ಸ್ಕ್ರೀನ್ ಇಲ್ಲದೆಯೂ ಲಾಜಿಕ್ ಟೆಸ್ಟ್ ಮಾಡಲು ಬರಲಿ. ಈ ಮೂರೂ ಇದ್ದರೆ ಯಾವ ಲೈಬ್ರರಿಯೂ ನಡೆಯುತ್ತದೆ.

## ಹಂತ 4: ನೇಟಿವ್ ಕಡೆಗೆ ದಾಟಿ, ಪ್ಲಗಿನ್ ನೀವೇ ಬರೆಯಿರಿ

ಈ ಇಡೀ ಬರಹದಲ್ಲಿ ಒಂದೇ ಹಂತ ಮಾಡಲು ಸಮಯ ಇದ್ದರೆ ಇದನ್ನು ಮಾಡಿ. ನೇಟಿವ್ ಎಂದರೆ ಸಿಸ್ಟಮ್‌ನ ಸ್ವಂತ ಕಡೆಯ ಕೋಡ್, ಪ್ಲಗಿನ್ ಎಂದರೆ ನಿಮ್ಮ ಆಪನ್ನು ಅದಕ್ಕೆ ಸೇರಿಸುವ ತುಂಡು. ರೆಡಿ ಪ್ಲಗಿನ್ ಸಿಗುತ್ತದೆ, ನಿಜ. ಆದರೆ ಒಂದು ಪ್ಲಗಿನ್ ಆದರೂ ಸ್ವಂತ ಕೈಯಿಂದ ಬರೆಯದಿದ್ದರೆ, ಬೇರೆಯವರ ಪ್ಲಗಿನ್ ಕೆಟ್ಟಾಗ ಕೈಕಟ್ಟಿ ಕೂರಬೇಕಾಗುತ್ತದೆ.

ಬ್ಯಾಟರಿ ಎಷ್ಟಿದೆ ಎಂದು ಕೇಳುವ ಪ್ಲಗಿನ್‌ನಿಂದ ಶುರು ಮಾಡಿ. ಫ್ಲಟರ್‌ನಲ್ಲಿ ಮೆಥಡ್ ಚಾನೆಲ್ ಬಳಸಿ. ಫ್ಲಟರ್‌ನ ಭಾಷೆಯಾದ ಡಾರ್ಟ್ ಕಡೆ ಒಂದು ಹೆಸರು ಕೂಗುತ್ತೀರಿ, ಆಂಡ್ರಾಯ್ಡ್ ಕಡೆ ಕೋಟ್ಲಿನ್, ಐಒಎಸ್ ಕಡೆ ಸ್ವಿಫ್ಟ್ ಉತ್ತರ ಕೊಡುತ್ತದೆ. ಇದು ಓಡಿದ ಮೇಲೆ ಕೆಳಗಿನವನ್ನು ಒಂದೊಂದಾಗಿ ಪರೀಕ್ಷಿಸಿ.

ಮೊದಲನೆಯದು ಟೈಪ್. ಡಾರ್ಟ್‌ನ ಒಂದು ಪೂರ್ಣಾಂಕ ಕೋಟ್ಲಿನ್ ಕಡೆ 32 ಬಿಟ್‌ಗೆ ಹಿಡಿಸಿದರೆ ಇಂಟ್ ಆಗಿ ಬರುತ್ತದೆ, ಹಿಡಿಸದಿದ್ದರೆ ಲಾಂಗ್ ಆಗಿ ಬರುತ್ತದೆ. ಸಣ್ಣ ಸಂಖ್ಯೆ ಇಟ್ಟು ಟೆಸ್ಟ್ ಮಾಡಿದಾಗ ಎಲ್ಲ ಸರಿ. ಮಿಲಿಸೆಕೆಂಡ್ ಲೆಕ್ಕದ ಸಮಯ ಕಳಿಸಿದ ದಿನ ಕ್ರ್ಯಾಶ್. ಇದನ್ನು ಒಮ್ಮೆ ಕಂಡ ಮೇಲೆ ಪಿಜನ್ ಎಂಬ ಸಾಧನ ಯಾಕಿದೆ ಎಂದು ಅರ್ಥವಾಗುತ್ತದೆ. ಒಂದೇ ಕಡೆ ಟೈಪ್ ಬರೆದರೆ ಮೂರೂ ಭಾಷೆಗಳ ಕೋಡ್ ಅದು ತಯಾರಿಸುತ್ತದೆ. ರಿಯಾಕ್ಟ್ ನೇಟಿವ್‌ನ ಟರ್ಬೋ ಮಾಡ್ಯೂಲ್‌ಗಳಲ್ಲಿ ಟೈಪ್‌ಸ್ಕ್ರಿಪ್ಟ್‌ನಲ್ಲಿ ಸ್ಪೆಕ್ ಬರೆದು ಕೋಡ್‌ಜೆನ್ ಓಡಿಸುವುದೂ ಇದೇ ಕಾರಣಕ್ಕೆ.

ಎರಡನೆಯದು ಥ್ರೆಡ್. ಚಾನೆಲ್‌ನ ಕರೆ ನೇಟಿವ್ ಕಡೆ ಸಾಮಾನ್ಯವಾಗಿ ಮುಖ್ಯ ಥ್ರೆಡ್‌ಗೇ ಬಂದು ಇಳಿಯುತ್ತದೆ. ಅಲ್ಲೇ ಫೋಟೋ ಕುಗ್ಗಿಸುವ ಕೆಲಸ ಮಾಡಿದರೆ ಸ್ಕ್ರೀನ್ ಹೆಪ್ಪುಗಟ್ಟುತ್ತದೆ. ಆಂಡ್ರಾಯ್ಡ್‌ನಲ್ಲಿ ಬಳಕೆದಾರರ ಸ್ಪರ್ಶಕ್ಕೆ 5 ಸೆಕೆಂಡ್ ಉತ್ತರ ಸಿಗದಿದ್ದರೆ ಆಪ್ ಸ್ಪಂದಿಸುತ್ತಿಲ್ಲ ಎಂಬ ಎಚ್ಚರಿಕೆ ಬರುತ್ತದೆ. ಕೋಟ್ಲಿನ್ ಕಡೆ ಕೊರುಟೀನ್, ಸ್ವಿಫ್ಟ್ ಕಡೆ ಡಿಸ್ಪ್ಯಾಚ್ ಕ್ಯೂ ಬಳಸಿ ಕೆಲಸವನ್ನು ಪಕ್ಕಕ್ಕೆ ಸಾಗಿಸುವುದನ್ನು ಕಲಿಯಿರಿ.

ಮೂರನೆಯದು ಉತ್ತರದ ಶಿಸ್ತು. ಒಂದು ಕರೆಗೆ ಒಂದೇ ಉತ್ತರ. ಎರಡು ಸಲ ಕೊಟ್ಟರೆ ಆಂಡ್ರಾಯ್ಡ್‌ನಲ್ಲಿ ಎಕ್ಸೆಪ್ಶನ್. ಒಮ್ಮೆಯೂ ಕೊಡದಿದ್ದರೆ ಇನ್ನೂ ಕೆಟ್ಟದ್ದು: ಡಾರ್ಟ್ ಕಡೆ ಕಾಯುತ್ತಿರುವ ಫ್ಯೂಚರ್ (ಮುಂದೆ ಬರಬೇಕಾದ ಉತ್ತರ) ಎಂದೂ ಮುಗಿಯುವುದಿಲ್ಲ, ಎರರ್ ಕೂಡ ಕಾಣುವುದಿಲ್ಲ. ಬಳಕೆದಾರರು ಕ್ಯಾಮೆರಾ ತೆರೆದು ಫೋಟೋ ತೆಗೆಯದೆ ಹಿಂದೆ ಬಂದರೆ ಏನು ಉತ್ತರ? ಈ ಪ್ರಶ್ನೆಯನ್ನು ಪ್ರತಿ ದಾರಿಗೂ ಕೇಳಿ.

ನಾಲ್ಕನೆಯದು ಅನುಮತಿ. ಐಒಎಸ್‌ನಲ್ಲಿ ಕ್ಯಾಮೆರಾ ಯಾಕೆ ಬೇಕು ಎಂಬ ವಾಕ್ಯ ಇನ್‌ಫೋ ಪಿಲಿಸ್ಟ್ ಎಂಬ ಸೆಟ್ಟಿಂಗ್ ಫೈಲ್‌ನಲ್ಲಿ ಇರದಿದ್ದರೆ, ಕ್ಯಾಮೆರಾ ಮುಟ್ಟಿದ ಕ್ಷಣ ಸಿಸ್ಟಮ್ ಆಪನ್ನೇ ಮುಚ್ಚುತ್ತದೆ. ಅನುಮತಿಯ ಡಬ್ಬ ಅಲ್ಲಿ ಒಂದೇ ಸಲ ಬರುತ್ತದೆ. ಆಂಡ್ರಾಯ್ಡ್ 11ರಿಂದ ಒಂದೇ ಅನುಮತಿಯನ್ನು ಎರಡು ಸಲ ನಿರಾಕರಿಸಿದರೆ ಡಬ್ಬ ಮತ್ತೆ ಬರುವುದಿಲ್ಲ. ಹಾಗಾಗಿ ಆಪ್ ತೆರೆದ ಕೂಡಲೇ ಕೇಳಬೇಡಿ. ಬಳಕೆದಾರರು ಕ್ಯಾಮೆರಾ ಬಟನ್ ಒತ್ತಿದಾಗ ಕೇಳಿ. ನಿರಾಕರಿಸಿದ್ದರೆ ಸೆಟ್ಟಿಂಗ್ಸ್‌ಗೆ ಹೋಗುವ ದಾರಿ ತೋರಿಸಿ.

ಕೊನೆಗೆ, ಒಂದು ಸಲ ಉತ್ತರ ಕೊಡುವ ಬದಲು ಸತತ ಸುದ್ದಿ ಕೊಡುವ ಪ್ಲಗಿನ್ ಬರೆಯಿರಿ. ಚಾರ್ಜರ್ ಹಾಕಿದಾಗ, ತೆಗೆದಾಗ ಸುದ್ದಿ ಬರಬೇಕು. ಸ್ಕ್ರೀನ್ ಮುಚ್ಚಿದಾಗ ನೇಟಿವ್ ಕಡೆಯ ಕೇಳುಗನನ್ನೂ ತೆಗೆಯುತ್ತೀರಾ ಎಂಬುದೇ ಇಲ್ಲಿ ಪಾಠ. ತೆಗೆಯದಿದ್ದರೆ ಮೆಮೊರಿ ಸೋರುತ್ತದೆ.

## ಹಂತ 5: ಆಪನ್ನು ಬೇಕೆಂದೇ ಸಾಯಿಸಿ

ಆಪ್ ಹಿನ್ನೆಲೆಗೆ ಹೋದ ಮೇಲೆ ಅದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಮೆಮೊರಿ ಬೇಕಾದರೆ ಸಿಸ್ಟಮ್ ಅದನ್ನು ತೆಗೆದುಹಾಕುತ್ತದೆ. ಮೊದಲೇ ಹೇಳುವುದೂ ಇಲ್ಲ.

ನಮ್ಮ ಟಿಪ್ಪಣಿ ಆಪ್‌ನಲ್ಲಿ ಇದು ನೇರವಾಗಿ ಕಾಡುತ್ತದೆ. ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ಕ್ಯಾಮೆರಾ ಬೇರೆ ಆಪ್. ಅದು ತೆರೆದಾಗ ನಿಮ್ಮದು ಹಿನ್ನೆಲೆಗೆ ಹೋಗುತ್ತದೆ. ಕಡಿಮೆ ಮೆಮೊರಿಯ ಆಂಡ್ರಾಯ್ಡ್ ಫೋನ್‌ನಲ್ಲಿ ಬಳಕೆದಾರರು ಫೋಟೋ ತೆಗೆದು ವಾಪಸ್ ಬರುವಷ್ಟರಲ್ಲಿ ನಿಮ್ಮ ಆಪ್ ಸತ್ತು ಮತ್ತೆ ಹುಟ್ಟಿರಬಹುದು. ಬರೆದಿದ್ದ ಎರಡು ಸಾಲು ಹೋಯಿತು, ಫೋಟೋ ಕೂಡ ಹೋಯಿತು. ಫ್ಲಟರ್‌ನ ಇಮೇಜ್ ಪಿಕರ್ ಪ್ಲಗಿನ್‌ನಲ್ಲಿ ಕಳೆದುಹೋದ ಡೇಟಾ ಮರಳಿ ಪಡೆಯುವ ಒಂದು ಮೆಥಡ್ ಇರುವುದು ಇದಕ್ಕೇ. ಅದನ್ನು ಕರೆಯದ ಆಪ್‌ಗಳು ಬಹಳ.

ಪರೀಕ್ಷಿಸುವುದು ಸುಲಭ. ಆಂಡ್ರಾಯ್ಡ್‌ನ ಡೆವಲಪರ್ ಆಪ್ಶನ್ಸ್‌ನಲ್ಲಿ ಆಕ್ಟಿವಿಟಿಗಳನ್ನು ಉಳಿಸಬೇಡ ಎಂಬ ಆಯ್ಕೆ ಇದೆ. ಹಿನ್ನೆಲೆ ಪ್ರೋಸೆಸ್‌ಗಳ ಮಿತಿಯನ್ನು ಸೊನ್ನೆಗೆ ಇಳಿಸುವ ಆಯ್ಕೆಯೂ ಇದೆ. ಮೊದಲನೆಯದು ಸ್ಕ್ರೀನನ್ನು ಮಾತ್ರ ನಾಶ ಮಾಡುತ್ತದೆ. ಎರಡನೆಯದು ಹಿನ್ನೆಲೆಗೆ ಹೋದ ಇಡೀ ಪ್ರೋಸೆಸ್ ಅನ್ನು ತೆಗೆಯುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಹಾಕಿ ಆಪ್ ಬಳಸಿ. ಅರ್ಧ ಬರೆದ ಟಿಪ್ಪಣಿ ಪ್ರತಿ ಸಲವೂ ಉಳಿಯುವವರೆಗೆ ಮುಂದೆ ಹೋಗಬೇಡಿ. ಡ್ರಾಫ್ಟ್ ಅನ್ನು ಟೈಪ್ ಮಾಡುತ್ತಿರುವಾಗಲೇ ಡೇಟಾಬೇಸ್‌ಗೆ ಬರೆಯುವುದು ನನಗೆ ಕಂಡ ಅತ್ಯಂತ ನಂಬಿಕೆಯ ದಾರಿ.

ಐಒಎಸ್‌ನಲ್ಲಿ ಬೇರೆಯದೇ ಬಲೆ. ಫೋಟೋ ಫೈಲ್‌ನ ಪೂರ್ತಿ ಪಾತ್ ಅನ್ನು ಡೇಟಾಬೇಸ್‌ನಲ್ಲಿ ಇಡಬೇಡಿ. ಆಪ್ ಅಪ್‌ಡೇಟ್ ಆದಾಗ ಅದರ ಫೋಲ್ಡರ್‌ನ ಪಾತ್ ಬದಲಾಗಬಹುದು. ಫೈಲ್ ಇರುತ್ತದೆ, ನಿಮ್ಮ ವಿಳಾಸ ತಪ್ಪಾಗಿರುತ್ತದೆ. ಫೈಲ್‌ನ ಹೆಸರಷ್ಟೇ ಇಟ್ಟು, ಫೋಲ್ಡರ್ ಯಾವುದೆಂದು ಪ್ರತಿ ಸಲ ಸಿಸ್ಟಮ್ ಅನ್ನೇ ಕೇಳಿ. ಗುಟ್ಟಿನ ಡೇಟಾ ಇಡುವ ಕೀಚೈನ್‌ನಲ್ಲಿ ಇಟ್ಟ ಲಾಗಿನ್ ಟೋಕನ್ ಆಪ್ ಅಳಿಸಿದರೂ ಅಲ್ಲಿ ಉಳಿದಿರುತ್ತದೆ ಎಂಬುದನ್ನೂ ನೆನಪಿಡಿ. ಹೊಸದಾಗಿ ಹಾಕಿದ ಆಪ್ ಹಳೆಯ ಟೋಕನ್ ಹಿಡಿದು ಶುರುವಾಗುವುದು ಹೀಗೆ.

## ಹಂತ 6: ನೆಟ್ ಇಲ್ಲದ ಲೋಕಕ್ಕೆ ಬರೆಯಿರಿ

ಸ್ಕ್ರೀನ್ ಯಾವಾಗಲೂ ಫೋನ್‌ನ ಡೇಟಾಬೇಸ್‌ನಿಂದ ಓದಲಿ. ಸರ್ವರ್ ಜತೆಗಿನ ಮಾತುಕತೆ ಹಿಂದೆ ನಡೆಯಲಿ. ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಇದ್ದರೆ ಸಾಕು, ಅದರ ಮೇಲೆ ಯಾವ ಲೈಬ್ರರಿ ಬೇಕಾದರೂ ಇರಲಿ.

ಹೊಸ ಟಿಪ್ಪಣಿಗೆ ಐಡಿಯನ್ನು ಫೋನ್‌ನಲ್ಲೇ ಹುಟ್ಟಿಸಿ. ಬೇರೆಲ್ಲೂ ಮರುಕಳಿಸದಂಥ ಐಡಿಯಾದ ಯುಯುಐಡಿ ಬಳಸಿ. ಟಿಪ್ಪಣಿಯನ್ನು ಉಳಿಸುವ ಅದೇ ಟ್ರಾನ್ಸಾಕ್ಷನ್‌ನಲ್ಲಿ (ಎಲ್ಲವೂ ಉಳಿಯುವ, ಇಲ್ಲವೇ ಏನೂ ಉಳಿಯದ ಬರವಣಿಗೆಯಲ್ಲಿ), ಕಳಿಸಬೇಕಾದ ಕೆಲಸಗಳ ಟೇಬಲ್‌ಗೂ ಒಂದು ಸಾಲು ಹಾಕಿ. ಟಿಪ್ಪಣಿ ಉಳಿದು ಕೆಲಸ ಬಿಟ್ಟುಹೋಗುವ ಸಂದರ್ಭವೇ ಆಗ ಇರುವುದಿಲ್ಲ. ಕಳಿಸಿದ್ದು ಸರ್ವರ್‌ಗೆ ತಲುಪಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಬಹುದು. ಆಗ ಆಪ್ ಮತ್ತೆ ಕಳಿಸುತ್ತದೆ. ಅದೇ ಐಡಿ ಎರಡನೇ ಸಲ ಬಂದರೆ ಸರ್ವರ್ ಹೊಸ ಟಿಪ್ಪಣಿ ಮಾಡಬಾರದು.

ಅಳಿಸಿದ ಟಿಪ್ಪಣಿಯನ್ನು ಕೂಡಲೇ ಕಿತ್ತುಹಾಕಬೇಡಿ, ಅಳಿಸಲಾಗಿದೆ ಎಂಬ ಗುರುತು ಇಡಿ. ಇಲ್ಲದಿದ್ದರೆ ಮುಂದಿನ ಸಿಂಕ್‌ನಲ್ಲಿ ಅದು ಮತ್ತೆ ಬಂದು ಕೂರುತ್ತದೆ. ಎರಡು ಫೋನ್‌ಗಳಲ್ಲಿ ಒಂದೇ ಟಿಪ್ಪಣಿ ತಿದ್ದಿದಾಗ ಯಾವುದು ಹೊಸದು ಎಂದು ತೀರ್ಮಾನಿಸಲು ಫೋನ್‌ನ ಗಡಿಯಾರವನ್ನು ನಂಬಬೇಡಿ. ಬಳಕೆದಾರರು ಅದನ್ನು ತಿರುಗಿಸಬಹುದು. ಸರ್ವರ್ ಕೊಡುವ ಆವೃತ್ತಿ ಸಂಖ್ಯೆ ಬಳಸಿ.

ಹಿನ್ನೆಲೆ ಸಿಂಕ್ ಬಗ್ಗೆ ನಿರೀಕ್ಷೆ ಸಣ್ಣದಿರಲಿ. ಆಂಡ್ರಾಯ್ಡ್‌ನ ವರ್ಕ್‌ಮ್ಯಾನೇಜರ್‌ನಲ್ಲಿ ಮರುಕಳಿಸುವ ಕೆಲಸದ ಕನಿಷ್ಠ ಅಂತರ 15 ನಿಮಿಷ. ಐಒಎಸ್‌ನಲ್ಲಿ ನೀವು ಕೋರಿಕೆ ಸಲ್ಲಿಸಬಹುದು ಅಷ್ಟೇ, ಯಾವಾಗ ಓಡಿಸಬೇಕು ಎಂಬುದು ಸಿಸ್ಟಮ್‌ನ ಇಷ್ಟ. ಆಪ್ ತೆರೆದಾಗ ತಪ್ಪದೆ ಸಿಂಕ್ ಆಗಲಿ. ಹಿನ್ನೆಲೆಯಲ್ಲಿ ಆದದ್ದು ಲಾಭ.

## ಹಂತ 7: ಊಹೆ ಬಿಡಿ, ಅಳೆಯಿರಿ

60 ಹರ್ಟ್ಸ್ ಸ್ಕ್ರೀನ್‌ನಲ್ಲಿ ಒಂದು ಫ್ರೇಮ್‌ಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. 120 ಹರ್ಟ್ಸ್‌ನಲ್ಲಿ ಸುಮಾರು 8.3. ಡೀಬಗ್ ಬಿಲ್ಡ್‌ನಲ್ಲಿ (ಕೋಡ್ ಬರೆಯುವಾಗ ಓಡಿಸುವ ರೂಪದಲ್ಲಿ) ಇದನ್ನು ಅಳೆದರೆ ಅರ್ಥವಿಲ್ಲ. ಫ್ಲಟರ್ ಡೀಬಗ್‌ನಲ್ಲಿ, ಬದಲಾವಣೆಯನ್ನು ಕೂಡಲೇ ತೋರಿಸುವ ಹಾಟ್ ರೀಲೋಡ್‌ಗಾಗಿ ಕೋಡನ್ನು ಓಡುತ್ತಲೇ ಕಂಪೈಲ್ ಮಾಡುತ್ತದೆ, ರಿಲೀಸ್‌ನಲ್ಲಿ ಮೊದಲೇ ಮಾಡಿರುತ್ತದೆ. ಪ್ರೊಫೈಲ್ ಮೋಡ್‌ನಲ್ಲಿ, ನಿಜವಾದ ಫೋನ್‌ನಲ್ಲಿ, ಸಿಗುವುದರಲ್ಲಿ ಅತ್ಯಂತ ನಿಧಾನದ ಫೋನ್‌ನಲ್ಲಿ ಅಳೆಯಿರಿ.

ನಮ್ಮ ಆಪ್‌ನಲ್ಲಿ ಮೊದಲು ಸಿಗುವ ಅಪರಾಧಿ ಫೋಟೋ. 12 ಮೆಗಾಪಿಕ್ಸೆಲ್ ಚಿತ್ರ ಡಿಸ್ಕ್‌ನಲ್ಲಿ ಕೆಲವೇ ಎಂಬಿ ಇರಬಹುದು. ತೆರೆದಾಗ 4000 ಅಡ್ಡ, 3000 ಉದ್ದ, ಒಂದು ಪಿಕ್ಸೆಲ್‌ಗೆ 4 ಬೈಟ್. ಅಂದರೆ ಸುಮಾರು 48 ಎಂಬಿ. ಇಂಥ ಹತ್ತು ಚಿತ್ರ ಲಿಸ್ಟ್‌ನಲ್ಲಿ ಕೂತರೆ? ಥಂಬ್‌ನೇಲ್ ಬೇರೆಯಾಗಿ ಉಳಿಸಿ, ಅಥವಾ ಬೇಕಾದ ಅಗಲಕ್ಕೇ ಡಿಕೋಡ್ ಮಾಡಲು ಹೇಳಿ. ಫ್ಲಟರ್‌ನ ಇಮೇಜ್ ವಿಜೆಟ್‌ಗೆ ಕ್ಯಾಶ್ ವಿಡ್ತ್ ಕೊಟ್ಟರೆ ಆಗುವುದು ಇದೇ.

ಇನ್ನೊಂದು ತಪ್ಪು ತಿಳುವಳಿಕೆ ಬಹಳ ಕಡೆ ಕಾಣುತ್ತದೆ. ಅಸಿಂಕ್ ಎಂದು ಬರೆದ ಮಾತ್ರಕ್ಕೆ ಕೆಲಸ ಬೇರೆ ಥ್ರೆಡ್‌ಗೆ ಹೋಗುವುದಿಲ್ಲ. ದೊಡ್ಡ ಜೇಸನ್ ಬಿಡಿಸುವ ಕೆಲಸ ಅದೇ ಥ್ರೆಡ್‌ನಲ್ಲೇ ನಡೆದು ಫ್ರೇಮ್‌ಗಳನ್ನು ನುಂಗುತ್ತದೆ. ಡಾರ್ಟ್‌ನಲ್ಲಿ ಅದನ್ನು ಐಸೊಲೇಟ್ ಎಂಬ ಬೇರೆ ಕೆಲಸಗಾರನಿಗೆ ಕಳಿಸಬೇಕು. ಮೊದಲು ಫ್ಲಟರ್‌ನ ಅಳತೆ ಸಾಧನವಾದ ಡೆವ್‌ಟೂಲ್ಸ್‌ನಲ್ಲಿ ಅಳೆದು, ತಿದ್ದಿ, ಮತ್ತೆ ಅಳೆಯಿರಿ. ಎರಡೂ ಸಂಖ್ಯೆಗಳನ್ನು ಬರೆದಿಡಿ.

ಅಳೆಯುವ ಹೊತ್ತಿಗೇ ಬಳಕೆಯ ಗುಣವನ್ನೂ ನೋಡಿಬಿಡಿ. ಒತ್ತುವ ಜಾಗ ಆಪಲ್ ಪ್ರಕಾರ ಕನಿಷ್ಠ 44 ಪಾಯಿಂಟ್, ಆಂಡ್ರಾಯ್ಡ್ ಪ್ರಕಾರ 48 ಡಿಪಿ. ಅಕ್ಷರದ ಗಾತ್ರವನ್ನು ಅತಿ ದೊಡ್ಡದು ಮಾಡಿ ಸ್ಕ್ರೀನ್ ಒಡೆಯುತ್ತದೆಯೇ ನೋಡಿ. ಸ್ಕ್ರೀನ್ ಓದಿ ಹೇಳುವ ಟಾಕ್‌ಬ್ಯಾಕ್ ಮತ್ತು ವಾಯ್ಸ್‌ಓವರ್ ಹಾಕಿ, ಕಣ್ಣು ಮುಚ್ಚಿ ಒಂದು ಟಿಪ್ಪಣಿ ಬರೆಯಲು ಬರುತ್ತದೆಯೇ ಪರೀಕ್ಷಿಸಿ. ಎಲ್ಲವನ್ನೂ ತಾನೇ ಬಿಡಿಸುವ ಫ್ಲಟರ್‌ನಲ್ಲಿ ಸ್ವಂತ ವಿಜೆಟ್ ಬರೆದಾಗ ಇದರ ಹೊಣೆ ಪೂರ್ತಿ ನಿಮ್ಮದು.

## ಹಂತ 8: ಅಂಗಡಿಯವರೆಗೆ ಕೊಂಡೊಯ್ಯಿರಿ

ಆಪನ್ನು ಸ್ಟೋರ್‌ಗೆ ಹಾಕದೆ ಈ ಕಲಿಕೆ ಮುಗಿಯುವುದಿಲ್ಲ. ರಿಲೀಸ್ ಬಿಲ್ಡ್‌ನಲ್ಲಿ ಮಾತ್ರ ಕಾಣುವ ತೊಂದರೆಗಳು ಒಂದು ಬೇರೆಯೇ ಜಾತಿ. ಫ್ಲಟರ್ ಹೊಸ ಪ್ರಾಜೆಕ್ಟ್ ಮಾಡಿದಾಗ ಇಂಟರ್ನೆಟ್ ಅನುಮತಿ ಡೀಬಗ್ ಮತ್ತು ಪ್ರೊಫೈಲ್ ಮ್ಯಾನಿಫೆಸ್ಟ್‌ಗಳಲ್ಲಿ (ಆಂಡ್ರಾಯ್ಡ್‌ಗೆ ಅನುಮತಿ ತಿಳಿಸುವ ಫೈಲ್‌ಗಳಲ್ಲಿ) ಇರುತ್ತದೆ, ಮುಖ್ಯ ಮ್ಯಾನಿಫೆಸ್ಟ್‌ನಲ್ಲಿ ಇರುವುದಿಲ್ಲ. ನೀವು ಸೇರಿಸದಿದ್ದರೆ, ಯಾವ ಪ್ಲಗಿನ್ ಕೂಡ ಅದನ್ನು ತರದಿದ್ದರೆ, ಅಂಗಡಿಗೆ ಹೋದ ಆಪ್‌ಗೆ ನೆಟ್ಟೇ ಸಿಗುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಕೋಡ್ ಕುಗ್ಗಿಸುವ ಆರ್8, ಬಳಕೆಯಾಗದ ಕೋಡ್ ಎಂದುಕೊಂಡು ರಿಫ್ಲೆಕ್ಷನ್ ಮೂಲಕ (ಓಡುವಾಗ ಹೆಸರು ಹಿಡಿದು) ಕರೆಯುವ ಕ್ಲಾಸ್‌ಗಳನ್ನು ಕತ್ತರಿಸಿಬಿಡಬಹುದು. ಹಾಗಾಗಿ ಕೊನೆಯ ಪರೀಕ್ಷೆ ಯಾವಾಗಲೂ ರಿಲೀಸ್ ಬಿಲ್ಡ್ ಮೇಲೆ.

ಆಪ್ ನಿಮ್ಮದೇ ಎಂದು ತೋರಿಸುವ ಐಒಎಸ್‌ನ ಸರ್ಟಿಫಿಕೇಟ್, ಪ್ರೊವಿಷನಿಂಗ್ ಪ್ರೊಫೈಲ್, ಆಂಡ್ರಾಯ್ಡ್‌ನ ಕೀಸ್ಟೋರ್ ಇವುಗಳನ್ನು ಒಮ್ಮೆ ಕೈಯಾರೆ ಮಾಡಿ. ಆಮೇಲೆ ಬೇಕಾದರೆ ಬಿಲ್ಡ್ ತಾನಾಗಿ ಮಾಡುವ ಸಿಐ ವ್ಯವಸ್ಥೆಗೆ ಒಪ್ಪಿಸಿ. ಕೀಸ್ಟೋರ್ ಅನ್ನು ಗಿಟ್‌ಗೆ ಹಾಕಬೇಡಿ, ಅದರ ಬ್ಯಾಕಪ್ ಮಾತ್ರ ಖಂಡಿತ ಇರಲಿ. ಪ್ರತಿ ಬಿಲ್ಡ್‌ನ ಸಿಂಬಲ್ ಫೈಲ್‌ಗಳನ್ನು ಉಳಿಸಿ. ಅವಿಲ್ಲದಿದ್ದರೆ ಕ್ರ್ಯಾಶ್ ವರದಿಯಲ್ಲಿ ಅರ್ಥವಾಗದ ವಿಳಾಸಗಳಷ್ಟೇ ಸಿಗುತ್ತವೆ.

ಮೊಬೈಲ್‌ನಲ್ಲಿ ಹಿಂದಕ್ಕೆ ಹೋಗುವ ದಾರಿ ಇಲ್ಲ. ಕೆಟ್ಟ ಆವೃತ್ತಿ ಹೋದರೆ ಇನ್ನೂ ದೊಡ್ಡ ಸಂಖ್ಯೆಯ ಹೊಸ ಆವೃತ್ತಿಯನ್ನೇ ಕಳಿಸಬೇಕು. ಆದ್ದರಿಂದ ಸ್ವಲ್ಪ ಜನರಿಗೆ ಮೊದಲು ಬಿಡಿ. ಪ್ಲೇ ಸ್ಟೋರ್‌ನಲ್ಲಿ ಶೇಕಡಾವಾರು ನೀವೇ ಇಡಬಹುದು. ಆಪ್ ಸ್ಟೋರ್‌ನ ಫೇಸ್ಡ್ ರಿಲೀಸ್ 7 ದಿನಗಳಲ್ಲಿ ಹಂತಹಂತವಾಗಿ ಎಲ್ಲರಿಗೂ ತಲುಪಿಸುತ್ತದೆ. ಡೇಟಾಬೇಸ್‌ನ ರಚನೆ ಬದಲಿಸಿದ್ದರೆ, ಹಳೆಯ ಆವೃತ್ತಿ ಹಾಕಿ, ಟಿಪ್ಪಣಿ ತುಂಬಿ, ಅದರ ಮೇಲೆ ಹೊಸದನ್ನು ಹಾಕಿ ನೋಡಿ. ಹಳೆಯ ಎಲ್ಲ ಆವೃತ್ತಿಗಳಿಂದಲೂ ಇದನ್ನು ಮಾಡಿ. ಎರಡು ಆವೃತ್ತಿ ಬಿಟ್ಟು ನೇರ ಹೊಸದಕ್ಕೆ ಬರುವವರು ಇದ್ದೇ ಇರುತ್ತಾರೆ.

## ಹಂತ 9: ಬೇರೆಯವರ ಕೋಡ್ ತೆರೆಯಿರಿ

ನಿಮ್ಮ ಪ್ರಾಜೆಕ್ಟ್‌ನಲ್ಲಿ ಈಗ ಇರುವ ಪ್ಲಗಿನ್‌ಗಳಲ್ಲಿ ಒಂದನ್ನು ಆರಿಸಿ. ಅದರ ಆಂಡ್ರಾಯ್ಡ್ ಫೋಲ್ಡರ್ ತೆರೆದು, ಒಂದು ಕರೆ ಎಲ್ಲಿ ಬರುತ್ತದೆ, ಯಾವ ಥ್ರೆಡ್‌ನಲ್ಲಿ ಕೆಲಸ ನಡೆಯುತ್ತದೆ, ಉತ್ತರ ಎಲ್ಲಿಂದ ಹೋಗುತ್ತದೆ ಎಂದು ಸಾಲು ಹಿಡಿದು ಹೋಗಿ. ಆಮೇಲೆ ಐಒಎಸ್ ಫೋಲ್ಡರ್. ನಾಲ್ಕನೇ ಹಂತ ಮಾಡಿದ್ದರೆ ಈಗ ಇದು ಸಲೀಸಾಗಿ ಓದಿಸಿಕೊಳ್ಳುತ್ತದೆ. ಅದರ ಇಶ್ಯೂ ಪಟ್ಟಿಯಲ್ಲಿ ಒಂದೇ ಸಿಸ್ಟಮ್‌ನಲ್ಲಿ ಮಾತ್ರ ಬರುವ ದೂರುಗಳನ್ನು ಹುಡುಕಿ, ಒಂದನ್ನು ನಿಮ್ಮ ಫೋನ್‌ನಲ್ಲಿ ಮರುಕಳಿಸುವಂತೆ ಮಾಡಿ. ಕಾರಣ ಸಿಕ್ಕರೆ ತಿದ್ದುಪಡಿ ಕಳಿಸಿ. ಸಿಗದಿದ್ದರೆ, ಯಾವ ಹೆಜ್ಜೆಗಳಿಂದ ತೊಂದರೆ ಪ್ರತಿ ಸಲ ಬರುತ್ತದೆ ಎಂದು ಅಲ್ಲೇ ಬರೆದು ಹಾಕಿ. ಅದನ್ನು ನೋಡಿಕೊಳ್ಳುವವರಿಗೆ ಅರ್ಧ ಕೆಲಸ ಅಷ್ಟರಲ್ಲೇ ಆಗಿರುತ್ತದೆ.